ಬೊಳ್ಳಿಯ ಹತ್ತು ನಿಮಿಷ

ನಮ್ಮ ಹಟ್ಟಿಯ ಗೋಡೆಯಲ್ಲಿ ಒಂದು ಕರಿಹಲಗೆ ತೂಗುತ್ತದೆ. ಹಟ್ಟಿ ಎಂದರೆ ನಮ್ಮ ಕಡೆ ದನದ ಕೊಟ್ಟಿಗೆ. ಅಲ್ಲಿ ಕರಿಹಲಗೆಗೆ ಏನು ಕೆಲಸ ಎಂದು ನೀವು ಕೇಳಬಹುದು, ಬಂದವರೆಲ್ಲ ಕೇಳಿದ್ದಾರೆ. ಹಸುವಿಗೆ ಇಂಜೆಕ್ಷನ್ ಕೊಡಲು ಬಂದ ಒಬ್ಬ ಕಂಪೌಂಡರ್ ಅದನ್ನು ನೋಡಿ, "ಇಲ್ಲಿ ದನಗಳಿಗೆ ಪಾಠ ಉಂಟಾ?" ಎಂದಿದ್ದ. ಪಾಠ ಇತ್ತು, ಆದರೆ ದನಗಳಿಗಲ್ಲ. ಕಳೆದ ವಾರ ಗೋಡೆಗೆ ಸುಣ್ಣ ಬಳಿಯಲೆಂದು ಹಲಗೆಯನ್ನು ಇಳಿಸಿದೆ. ಬಿಳಿ ಪೈಂಟಿನಲ್ಲಿ ಅಡಿಕೋಲು ಇಟ್ಟು ಎಳೆದ ಗೆರೆಗಳು ಹಾಗೆಯೇ ಇದ್ದವು. ಸೀಮೆಸುಣ್ಣದ ಅಂಕಿಗಳು ಮಾಸಿದ್ದವು, ಆದರೆ ಓದಲು ಬರುತ್ತಿದ್ದವು. ಒರೆಸಲು ಒದ್ದೆ ಬಟ್ಟೆ ಹಿಡಿದುಕೊಂಡು ಹೋದವನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೆಲಸದ ಮಧ್ಯೆ ಕೂರುವ ಅಭ್ಯಾಸ ನನಗೆ ಹಿಂದೆ ಇರಲಿಲ್ಲ.

ನಾನು ಬೆಳೆದದ್ದು ಬಂಟ್ವಾಳ ಪೇಟೆಯಲ್ಲಿ, ಸೋದರಮಾವನ ಮನೆಯಲ್ಲಿ. ಮಾವ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಏಳುವುದು ಐದಕ್ಕೆ, ಕ್ಷೌರ ಐದೂಮುಕ್ಕಾಲಿಗೆ, ಕಾಫಿ ಆರೂವರೆಗೆ, ಗಿರಣಿಯ ಬೀಗ ತೆಗೆಯುವುದು ಎಂಟಕ್ಕೆ. ಒಂದು ಮಳೆಗಾಲ ನೇತ್ರಾವತಿ ಉಕ್ಕಿ ಪೇಟೆಯ ರಸ್ತೆಗೆ ಬಂದು, ನಮ್ಮ ಜಗಲಿಯ ಮೇಲೆ ಮೊಣಕಾಲಿನವರೆಗೆ ನೀರು ನಿಂತಿತ್ತು. ಮಾವ ಕನ್ನಡಿ, ಕತ್ತಿ, ಸೋಪಿನ ಬಟ್ಟಲು ಹಿಡಿದುಕೊಂಡು ಅಟ್ಟಕ್ಕೆ ಹತ್ತಿ ಐದೂಮುಕ್ಕಾಲಿಗೆ ಸರಿಯಾಗಿ ಕ್ಷೌರ ಮುಗಿಸಿದರು. ಕೆಳಗೆ ಅತ್ತೆಯ ಪಾತ್ರೆಗಳು ತೇಲುತ್ತಿದ್ದವು. ಆ ದಿನ ಮಾವನ ಮೇಲೆ ನನಗೆ ಬಂದ ಗೌರವ ಬಹಳ ವರ್ಷ ಹೋಗಲಿಲ್ಲ.

ಅಲ್ಲಿ ಹಾಲು ಎಂದರೆ ಆರೂಕಾಲಿಗೆ ಬರುವ ಒಂದು ವಸ್ತು. ತರುತ್ತಿದ್ದ ಹೆಂಗಸಿನ ಮುಖ ನನಗೆ ನೆನಪಿಲ್ಲ. ಅರ್ಧ ತೆರೆದ ಬಾಗಿಲಿನಿಂದ ಒಳಗೆ ಚಾಚುತ್ತಿದ್ದ ಅವಳ ಕೈ ಮಾತ್ರ ನೆನಪಿದೆ, ಹಿತ್ತಾಳೆಯ ತಂಬಿಗೆ ಹಿಡಿದ ಕೈ. ಒಂದು ದಿನ ಅವಳು ಬರುವಾಗ ಏಳು ಗಂಟೆ ಆಗಿತ್ತು. ಮಾವ ಬಾಗಿಲಲ್ಲೇ ನಿಂತು, "ಈಗ ಹಾಲಿನ ಹೊತ್ತಲ್ಲ, ಕೊಂಡುಹೋಗು" ಎಂದರು. ಅವಳು ಕೊಂಡುಹೋದಳು. ನಾವೆಲ್ಲ ಕಣ್ಣನ್ ಚಾ ಕುಡಿದೆವು. ಹಾಲಿಲ್ಲದ ಆ ಕಪ್ಪು ಚಹಾ ಕುಡಿಯುವಾಗ ನಾವು ಏನೋ ಒಂದು ದೊಡ್ಡ ತತ್ವ ಪಾಲಿಸುತ್ತಿದ್ದೇವೆ ಎಂದು ನನಗೆ ಅನಿಸಿತ್ತು.

ಇಂಥ ಮನೆಯಲ್ಲಿ ಬೆಳೆದವನಿಗೆ ಸರಿಯಾದ ಉದ್ಯೋಗವೇ ಸಿಕ್ಕಿತು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಂಕೀಪರ್ ಆದೆ. ನಿಮಗೆ ಈ ಉದ್ಯೋಗ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಪ್ರತಿಯೊಂದು ಬಸ್ಸಿಗೂ ಹೊರಡುವ ನಿಮಿಷ ಗೊತ್ತುಮಾಡಿರುತ್ತದೆ. ಮುಂದಿನ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಪ್ರಯಾಣಿಕರೆಲ್ಲ ಅದಕ್ಕೆ ಹತ್ತಿಬಿಡುತ್ತಾರೆ. ಆದ್ದರಿಂದ ಇಬ್ಬರು ಡ್ರೈವರುಗಳ ಮಧ್ಯೆ ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ವಾಚು ಇರುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಾನಾಗಿದ್ದೆ. ಕಾಲೇಜು ಬಿಡುವ ಹೊತ್ತಿಗೆ ಒಂದು ನಿಮಿಷ ಎಂದರೆ ಹದಿನೈದು ಇಪ್ಪತ್ತು ಟಿಕೇಟು. ಬೈಗುಳ ಎಷ್ಟು ತಿಂದಿದ್ದೇನೆ ಎಂದು ಲೆಕ್ಕವಿಲ್ಲ. ಬೆಳ್ತಂಗಡಿಗೆ ಹೋಗುವ ಬಸ್ಸಿನ ಒಬ್ಬ ಕಂಡಕ್ಟರ್ ಒಮ್ಮೆ ಎಲ್ಲರ ಎದುರು, "ನಿಮಗೆ ಹೆಂಡತಿಗಿಂತ ವಾಚೇ ಹತ್ತಿರ ಅಲ್ವಾ ಮಾರಾಯ್ರೇ?" ಎಂದ. ಸ್ಟ್ಯಾಂಡೇ ನಕ್ಕಿತು. ನಾನು ಸೀಟಿ ಊದಿದೆ. ಅವನ ಸಮಯ ಆಗಿತ್ತು.

ಅವನು ಹೇಳಿದ್ದು ಸುಳ್ಳಲ್ಲ. ನಾನು ಮೂಡುಬಿದಿರೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೆ. ಹೆಂಡತಿ ವಾರಿಜ ಇದ್ದದ್ದು ಅವಳ ತಾಯಿಯ ಮನೆಯಲ್ಲಿ, ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿ ಹತ್ತಲು ಸುರುವಾಗುವುದಕ್ಕಿಂತ ಸ್ವಲ್ಪ ಈಚೆ, ಗುಡ್ಡದ ಸೊಂಟದಲ್ಲಿ. ನಮ್ಮವರಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ. ಗಂಡ ಹೆಂಡತಿಯ ಮನೆಗೆ ಬರುವುದು ಹೊಸತೇನಲ್ಲ. ನಾನು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದೆ, ನೆಂಟನ ಹಾಗೆ ಹಾಲು ಹಾಕಿದ ಕಾಫಿ ಕುಡಿದು ಹೋಗುತ್ತಿದ್ದೆ. ನಿವೃತ್ತನಾದ ಮೇಲೆ ಸೀಟಿಯನ್ನು ಮಾತ್ರ ಅಲ್ಲಿ ಬಿಟ್ಟು ಉಳಿದದ್ದನ್ನೆಲ್ಲ ಕಟ್ಟಿಕೊಂಡು ಇಲ್ಲಿಗೆ ಬಂದೆ. ಮಗಳು ಶೈಲ, ಅಳಿಯ ಇಲ್ಲಿಯೇ ಇದ್ದಾರೆ. ಇಬ್ಬರೂ ಏಳೂವರೆಯ ಬಸ್ಸಿಗೆ ಉಜಿರೆಗೆ ಕೆಲಸಕ್ಕೆ ಹೋಗುತ್ತಾರೆ. ಹಟ್ಟಿ ವಾರಿಜಳದ್ದು. ಆಗ ಅಲ್ಲಿ ಎರಡು ಹಸುಗಳು, ಕೆಂಪಿ ಮತ್ತು ಬೊಳ್ಳಿ. ಬೊಳ್ಳಿ ಎಂದರೆ ತುಳುವಿನಲ್ಲಿ ಬೆಳ್ಳಿ. ಅವಳ ಬಣ್ಣವೂ ಅದೇ.

ಬಂದ ಮೊದಲ ವಾರ ನಾನು ಕೆಲಸ ಮಾಡಲಿಲ್ಲ, ನೋಡಿದೆ. ಯಾವುದೇ ಸ್ಟ್ಯಾಂಡಿಗೆ ಹೊಸದಾಗಿ ಬಂದ ಟೈಂಕೀಪರ್ ಮಾಡಬೇಕಾದದ್ದು ಅದನ್ನೇ. ಬಯಲಿನಲ್ಲಿ ಹಸು ಸಾಕುವುದಕ್ಕೂ ಗುಡ್ಡದಲ್ಲಿ ಸಾಕುವುದಕ್ಕೂ ಇರುವ ವ್ಯತ್ಯಾಸ ಆಗ ತಿಳಿಯಿತು. ಬಯಲಿನಲ್ಲಿ ಹುಲ್ಲು ಗಾಡಿಯಲ್ಲಿ ಬರುತ್ತದೆ. ಇಲ್ಲಿ ಹುಲ್ಲು ಮೇಲಿನ ಗುಡ್ಡದಿಂದ ತಲೆಯ ಮೇಲೆ ಇಳಿಯಬೇಕು, ಸೆಗಣಿ ತೋಟಕ್ಕೆ ತಲೆಯ ಮೇಲೆ ಹತ್ತಬೇಕು, ಹಿಂಡಿಯ ಚೀಲ ರಸ್ತೆಯಿಂದ ತಲೆಯ ಮೇಲೆ ಬರಬೇಕು, ಹಾಲು ರಸ್ತೆಗೆ ಕೈಯಲ್ಲಿ ಹೋಗಬೇಕು. ಹಟ್ಟಿಯಿಂದ ರಸ್ತೆಗೆ ನೂರ ಎಂಬತ್ತಾರು ಮೆಟ್ಟಿಲು, ಎಣಿಸಿದ್ದೇನೆ. ಬೆಳಗಿನ ಹಾಲು ಸೊಸೈಟಿಗೆ ಮುಟ್ಟುವ ಮೊದಲು ವಾರಿಜ ನಾಲ್ಕು ಕಿಲೋಮೀಟರು ನಡೆದಿರುತ್ತಿದ್ದಳು, ಅದೂ ಮನೆಯ ಸುತ್ತಮುತ್ತಲೇ. ಒಂದು ಬಸ್ಸು ಸ್ಟ್ಯಾಂಡಿನ ಒಳಗೇ ಸುತ್ತಿ ಸುತ್ತಿ ಡೀಸೆಲ್ ಮುಗಿಸಿದ ಹಾಗೆ ನನಗೆ ಕಂಡಿತು.

ನಾನು ಸುಧಾರಣೆಗೆ ಇಳಿದೆ. ಮೇಲಿನ ಗುಡ್ಡದ ಹುಲ್ಲನ್ನು ನೆಚ್ಚಿಕೊಳ್ಳುವುದು ಬೇಡವೆಂದು ಹಟ್ಟಿಯ ಕೆಳಗಿನ ಇಳಿಜಾರಿನಲ್ಲಿ ಹುಲ್ಲಿನ ಕಡ್ಡಿ ನೆಡಿಸಿದೆ. ಹಟ್ಟಿ ತೊಳೆದ ನೀರು ತಾನಾಗಿಯೇ ಇಳಿದು ಅಲ್ಲಿಗೆ ಹೋಗುವಂತೆ ಪೈಪು ಹಾಕಿಸಿದೆ. ದಿನಕ್ಕೆ ಹತ್ತಾರು ಸುತ್ತು ಉಳಿಯಿತು. ಈ ಒಂದು ಕೆಲಸ ನಾನು ಸರಿ ಮಾಡಿದೆ ಎಂದು ವಾರಿಜ ಈಗಲೂ ಒಪ್ಪುತ್ತಾಳೆ. ಎರಡನೆಯದನ್ನು ಅವಳ ಹತ್ತಿರ ಕೇಳಬೇಡಿ. ಎರಡನೆಯದೇ ಕರಿಹಲಗೆ.

ನಾಲ್ಕೂ ಐವತ್ತಕ್ಕೆ ಸೆಗಣಿ ತೆಗೆಯುವುದು. ಐದಕ್ಕೆ ಗಂಜಿತಿಳಿ, ಹಿಂಡಿ. ಐದೂ ಹತ್ತರಿಂದ ಇಪ್ಪತ್ತರವರೆಗೆ ಖಾಲಿ. ಐದೂ ಇಪ್ಪತ್ತಕ್ಕೆ ಹಾಲು ಹಿಂಡುವುದು. ಆರೂ ಹತ್ತಕ್ಕೆ ಕ್ಯಾನು ಹಿಡಿದು ನಾನು ಹೊರಡುವುದು. ಆರೂವರೆಗೆ ಸೊಸೈಟಿ. ಬರೆದು ಮುಗಿಸಿದಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಖಾಲಿ.

"ಈ ಹತ್ತು ನಿಮಿಷ ನೀನು ಎಂತ ಮಾಡ್ತೀ?" ಎಂದು ಕೇಳಿದೆ.

"ಎಂತ ಇಲ್ಲ. ಕೂತುಕೊಳ್ತೇನೆ."

"ಕೂತು?"

"ಕೂತು ಅಷ್ಟೆ."

"ಹಾಗಾದ್ರೆ ಅದನ್ನು ತೆಗೆಯುವ."

"ತೆಗೀರಿ," ಎಂದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಯಾವ ಡ್ರೈವರೂ ತನ್ನ ನಿಮಿಷವನ್ನು ಹಾಗೆ ಬಿಟ್ಟುಕೊಟ್ಟದ್ದಿಲ್ಲ.

ಹಲಗೆಯ ಕೊನೆಯ ಸಾಲಿನಲ್ಲಿ ಪ್ರತಿಯೊಂದು ಹಸುವಿಗೆ ಹಿಡಿದ ಸಮಯ ಬರೆಯುತ್ತಿದ್ದೆ. ತಿಂಗಳಿಗೊಂದು ಅಂಕಿ, ಆ ತಿಂಗಳ ಸಾಧಾರಣ ಸಮಯ. ಕೆಂಪಿಗೆ ಒಂಬತ್ತು ನಿಮಿಷ, ಬೊಳ್ಳಿಗೆ ಹನ್ನೆರಡು. ಮೊದಲ ವರ್ಷ ಅದು ಹಾಗೆಯೇ ಇತ್ತು. ಆಮೇಲೆ ಬೊಳ್ಳಿಯದ್ದು ಹದಿನಾಲ್ಕಾಯಿತು. ಮುಂದಿನ ಮಳೆಗಾಲಕ್ಕೆ ಹದಿನೇಳು, ಅದರ ಮುಂದಿನದ್ದಕ್ಕೆ ಇಪ್ಪತ್ತು. ಹಾಲು ಹೆಚ್ಚಿರಲಿಲ್ಲ. ನಾನು ಅಂಕಿಗಳ ಕೆಳಗೆ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಾತಿನಲ್ಲೂ ಹೇಳಿದೆ: "ನೀನು ನಿಧಾನ ಆಗ್ತಾ ಇದ್ದೀ."

"ಪ್ರಾಯ ಆಯ್ತಲ್ಲ," ಎಂದಳು.

"ಪ್ರಾಯ ನನಗೂ ಆಗಿದೆ. ನಾನು ಮೆಟ್ಟಿಲು ಇಳಿಯುವುದು ಈಗಲೂ ಹನ್ನೊಂದೇ ನಿಮಿಷ."

"ನೀವು ಎಂತ ಮಾರಾಯ್ರೇ, ಎಕ್ಸ್‌ಪ್ರೆಸ್," ಎಂದು ಅವಳು ಬಾಲ್ದಿ ಎತ್ತಿಕೊಂಡು ಹೋದಳು. ಎರಡೂ ಕೈಯಲ್ಲಿ ಎತ್ತಿಕೊಂಡು ಹೋದದ್ದು ಈಗ ನೆನಪಾಗುತ್ತದೆ.

ಇನ್ನೊಂದು ಸಂಗತಿಯನ್ನೂ ನಾನು ನೋಡಿದ್ದೆ. ಹಿಂಡುವ ಮೊದಲು ಅವಳು ಬೊಳ್ಳಿಯ ಕೆಚ್ಚಲಿಗೆ ತನ್ನ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇರುತ್ತಿದ್ದಳು. ಈ ಬದಿ, ಆ ಬದಿ. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಹಟ್ಟಿಯಲ್ಲಿ ನಿದ್ದೆಯಾ?" ಎಂದೆ. ಅವಳು ತಲೆ ಎತ್ತದೆ, "ನಿದ್ದೆ ಬಂದ್ರೆ ನನಗೆ ಹಾಸಿಗೆ ಇಲ್ವಾ?" ಎಂದಳು. ನಾನು ಆ ನಿದ್ದೆಗೆ ಎರಡು ನಿಮಿಷವೆಂದು ಲೆಕ್ಕ ಹಿಡಿದೆ.

ಇಪ್ಪತ್ತು ಬರೆದ ಆ ವರ್ಷ, ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ. ಬೆಳಿಗ್ಗೆ ನಾನು ಹಟ್ಟಿಯ ಹೊರಗೆ ಕ್ಯಾನು ತೊಳೆಯುತ್ತಿದ್ದೆ; ಒಳಗೆ ಬಾಲ್ದಿ ಬಿದ್ದ ಸದ್ದಾಯಿತು. ಹೋಗಿ ನೋಡುವಾಗ ಏಳು ಲೀಟರು ಹಾಲು ಸೆಗಣಿಯ ಕಾಲುವೆಯಲ್ಲಿ ಹರಿದು ನನ್ನ ಪೈಪಿನ ಕಡೆಗೆ ಹೋಗುತ್ತಿತ್ತು. ವಾರಿಜ ಹಾಲನ್ನು ನೋಡುತ್ತಿರಲಿಲ್ಲ. ತನ್ನ ಬಲಗೈಯನ್ನು ನೋಡುತ್ತಿದ್ದಳು, ಬೇರೆ ಯಾರದೋ ಕೈ ಎಂಬಂತೆ. ಸದ್ದು ಕೇಳಿ ಶೈಲ ಓಡಿ ಬಂದಳು. ತಾಯಿಯ ಕೈ ಹಿಡಿದು ದೀಪದ ಕೆಳಗೆ ತಂದಳು. ಹೆಬ್ಬೆರಳಿನ ತುದಿಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು.

"ಅಮ್ಮ, ಇದು ಸುಟ್ಟದ್ದು ಯಾವಾಗ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಬಿಸಿ ತಾಗಿದ್ದು ಗೊತ್ತಾಗ್ಲಿಲ್ವಾ?"

ಬೊಳ್ಳಿ ತಿರುಗಿ ನಮ್ಮ ಮೂವರನ್ನೂ ನೋಡಿತು.

ಆ ವಾರವೇ ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಅಲ್ಲಿ ನನಗೆ ಪರಿಚಯದ ಡಾಕ್ಟರು ಇದ್ದರು. ಅವರು ವಾರಿಜಳ ಕಣ್ಣು ಮುಚ್ಚಿಸಿ, ಬೆರಳುಗಳಿಗೆ ಒಮ್ಮೆ ತಣ್ಣಗಿನ ಚಮಚ, ಒಮ್ಮೆ ಬಿಸಿನೀರಿನಲ್ಲಿ ಅದ್ದಿದ ಚಮಚ ತಾಗಿಸಿದರು. ಅವಳು ಎರಡಕ್ಕೂ "ತಣ್ಣಗೆ" ಎಂದಳು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲಿ ಒಂದು ತಗ್ಗು ಬಿದ್ದಿತ್ತು. ನಲುವತ್ತು ವರ್ಷ ಆ ಕೈಯಿಂದ ಬಡಿಸಿದ್ದನ್ನು ಉಂಡವನು ನಾನು. ತಗ್ಗನ್ನು ಅವತ್ತೇ ನೋಡಿದ್ದು.

"ಹೀಗೆ ಸುರುವಾಗಿ ಎಷ್ಟು ಸಮಯ ಆಯ್ತು?" ಎಂದು ಡಾಕ್ಟರು ಕೇಳಿದರು.

"ಸ್ವಲ್ಪ ಸಮಯ," ಎಂದಳು ವಾರಿಜ.

"ಎರಡು ವರ್ಷ ನಾಲ್ಕು ತಿಂಗಳು," ಎಂದೆ ನಾನು.

ಡಾಕ್ಟರು ನನ್ನ ಕಡೆ ತಿರುಗಿದರು. "ಅಷ್ಟು ಸರಿಯಾಗಿ ನಿಮಗೆ ಹೇಗೆ ಗೊತ್ತು?"

"ಬರೆದಿಟ್ಟಿದ್ದೇನೆ ಡಾಕ್ಟ್ರೇ," ಎಂದೆ. ಹನ್ನೆರಡು, ಹದಿನಾಲ್ಕು, ಹದಿನೇಳು, ಇಪ್ಪತ್ತು. ಒಂದು ಕೈ ಸಾಯುತ್ತಿದ್ದುದನ್ನು ನಾನು ತಿಂಗಳು ತಿಂಗಳೂ ಬರೆದು, ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ.

ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಕೊಯ್ದು ಬಿಡಿಸಬೇಕು ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಚೆನ್ನಾಗಿತ್ತು, ಈಗಲೂ ಬೆರಳುಗಳ ಸ್ಪರ್ಶ ಮರಳಬಹುದು, ಹೆಬ್ಬೆರಳಿನ ಶಕ್ತಿಯ ಬಗ್ಗೆ ಮಾತು ಕೊಡಲಾರೆ, ಇನ್ನೂ ತಡಮಾಡಿದರೆ ಎರಡೂ ಇಲ್ಲ. ಆಪರೇಷನ್ ಆದ ಮೇಲೆ ಆರು ವಾರ ಆ ಕೈಯಲ್ಲಿ ಏನನ್ನೂ ಹಿಡಿಯಬಾರದು, ಹಟ್ಟಿಗೆ ಕಾಲಿಡಬಾರದು. ಬರುವ ವಾರ ಬಿಟ್ಟು ಅದರ ಮುಂದಿನ ಸೋಮವಾರಕ್ಕೆ ದಿನ ಗೊತ್ತುಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಬದಿಗೆ ಅವಳು, ಪಕ್ಕದಲ್ಲಿ ನಾನು. ಹಟ್ಟಿಯ ಕೆಲಸ ಬಲ್ಲವರಿಗೆ ಗೊತ್ತಿರುತ್ತದೆ: ಬೆಳಿಗ್ಗೆ ಮೊದಲು ಕೆಚ್ಚಲು ಮುಟ್ಟಿ ನೋಡಬೇಕು. ಬಿಸಿ ಇದ್ದರೆ ಬಾವು ಸುರುವಾಗಿದೆ ಎಂದರ್ಥ. ಒಂದು ದಿನ ತಪ್ಪಿದರೆ ಆ ಮೊಲೆಯೇ ಹೋಗುತ್ತದೆ. ವೇಣೂರು ದಾಟಿದ ಮೇಲೆ ಕೇಳಿದೆ: "ಬೆರಳಿಗೆ ಬಿಸಿ ಗೊತ್ತಾಗದಿದ್ರೆ ಕೆಚ್ಚಲು ಹೇಗೆ ನೋಡ್ತಿದ್ದೆ?"

"ಕೆನ್ನೆಯಲ್ಲಿ," ಎಂದಳು.

ಬೆಳ್ತಂಗಡಿ ಬಂದಾಗ ಅವಳೇ ಸುರುಮಾಡಿದಳು. "ನೋಡಿ, ಕೆಂಪಿ ಯಾರಿಗಾದ್ರೂ ಹಾಲು ಕೊಡ್ತದೆ. ಬೊಳ್ಳಿ ಕೊಡುವುದಿಲ್ಲ. ಬೊಳ್ಳಿಯನ್ನು ನೀವು ಖಾಲಿ ಮಾಡಿ ತೋರಿಸಿ, ಮೂರು ದಿನ ಒಂದೇ ಸಮ. ಆಮೇಲೆ ನಾನು ಬರ್ತೇನೆ. ಇಲ್ಲದಿದ್ರೆ ಇಲ್ಲ."

"ಅದನ್ನು ಕೊಟ್ಟುಬಿಡುವ. ವಿಟ್ಲದ ಕಡೆಯವರು ಕೇಳ್ತಿದ್ರಲ್ಲ?"

"ಕೈಗೋಸ್ಕರ ಹಟ್ಟಿ ಖಾಲಿ ಮಾಡುವುದಾದ್ರೆ ಮತ್ತೆ ಆ ಕೈ ಯಾಕೆ ನನಗೆ?"

ನಾನು ಹಟ್ಟಿಗೆ ಬೇರೆಯವರನ್ನು ಹುಡುಕಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಮನೆಮನೆಗೆ ಹೋಗಿ ಹಿಂಡಿಕೊಡುವವರು ಇದ್ದಾರೆ. ಆದರೆ ಅವರು ಬೈಕು ನಿಲ್ಲುವ ಮನೆಗಳಿಗೆ ಹೋಗುತ್ತಾರೆ, ನೂರ ಎಂಬತ್ತಾರು ಮೆಟ್ಟಿಲು ಹತ್ತುವುದಿಲ್ಲ. ಎರವಲು ತಂದ ಹಾಲು ಹಿಂಡುವ ಮಿಷನ್ನನ್ನು ಬೊಳ್ಳಿ ಒಂದೇ ಒದೆತಕ್ಕೆ ಮೂಲೆಗೆ ಕಳಿಸಿತು. ಶೈಲ ಪ್ರಯತ್ನಿಸಿದಳು, ಅವಳನ್ನೂ ಹತ್ತಿರ ಬಿಡಲಿಲ್ಲ. ಉಳಿದವನು ನಾನು.

ಎಪ್ಪತ್ತರ ಹತ್ತಿರ ಬಂದ ಮೇಲೆ ಅಕ್ಷರಾಭ್ಯಾಸ. ಶೈಲ ಒಂದು ರಬ್ಬರಿನ ಕೈಗವಸಿಗೆ ನೀರು ತುಂಬಿಸಿ, ಬೆರಳುಗಳ ತುದಿಗೆ ಸೂಜಿಯಿಂದ ತೂತು ಮಾಡಿ ಅಡುಗೆಮನೆಯ ಬಾಗಿಲಿಗೆ ಕಟ್ಟಿದಳು. ನಾನು ಅದರ ಕೆಳಗೆ ಮಣೆ ಹಾಕಿ ಕೂತು ಹಿಂಡಿದೆ. ನೀರು ನನ್ನ ಅಂಗಿಗೆ, ನೆಲಕ್ಕೆ, ಕನ್ನಡಕಕ್ಕೆ ಹೋಯಿತು, ಬಾಲ್ದಿಗೆ ಹೋಗಲಿಲ್ಲ. ವಾರಿಜ ಎಡಗೈಯಲ್ಲಿ ಚಹಾದ ಲೋಟ ಹಿಡಿದುಕೊಂಡು ನೋಡುತ್ತಿದ್ದಳು.

"ಎಳೆಯಬೇಡಿ. ಅದು ಬಸ್ಸಿನ ಬೆಲ್ಲಿನ ಹಗ್ಗ ಅಲ್ಲ. ಮೇಲಿನ ಬೆರಳು ಮೊದಲು ಮುಚ್ಚಿ, ಆಮೇಲೆ ಅದರ ಕೆಳಗಿನದ್ದು, ಆಮೇಲೆ ಅದರ ಕೆಳಗಿನದ್ದು. ಹಾಲನ್ನು ಕೆಳಗೆ ಕಳಿಸುವುದು, ಕೀಳುವುದಲ್ಲ."

ಎರಡು ದಿನದಲ್ಲಿ ರಬ್ಬರಿನ ಹಸುವನ್ನು ಗೆದ್ದೆ. ಮೂರನೆಯ ದಿನ ಕೆಂಪಿ ಒಪ್ಪಿದಳು. ಆದರೆ ಬೊಳ್ಳಿ? ನಾನಿದ್ದರೆ ಅದಕ್ಕೆ ನಿಮ್ಮ ಕೈ ಗುರುತಾಗುವುದಿಲ್ಲ ಎಂದು ವಾರಿಜ ಬೆಳಿಗ್ಗೆ ಹಟ್ಟಿಗೆ ಬರುವುದನ್ನೇ ಬಿಟ್ಟಿದ್ದಳು. ನಾನು ಹಿಂಡಿ ಮುಗಿಸಿದ ಮೇಲೆ ಪರೀಕ್ಷೆಗೆ ಮಾತ್ರ ಬರುತ್ತಿದ್ದಳು. ನಾನು ಹಲಗೆಯ ಪ್ರಕಾರ ಸೆಗಣಿ ತೆಗೆದು, ತಿಳಿ ಕೊಟ್ಟು, ಐದೂ ಹತ್ತಕ್ಕೆ ಸರಿಯಾಗಿ ಹಿಂಡಲು ಕೂರುತ್ತಿದ್ದೆ. ಬೊಳ್ಳಿ ಎರಡು ಲೀಟರು ಕೊಟ್ಟು ನಿಲ್ಲಿಸುತ್ತಿತ್ತು. ಹಾಲು ಒಳಗೆ ಇತ್ತು, ಅದು ಇಳಿಸುತ್ತಿರಲಿಲ್ಲ. ವಾರಿಜ ಬಂದು ಎಡಗೈಯಿಂದ ಒಂದೊಂದೇ ಮೊಲೆ ಹಿಡಿದು ನೋಡಿ, ಚುರ್ರೆಂದು ಬಂದ ಹಾಲನ್ನು ನನಗೆ ತೋರಿಸಿ, "ಇದು ಯಾರಿಗೆ ಇಟ್ಟದ್ದು?" ಎನ್ನುತ್ತಿದ್ದಳು.

ಸೊಸೈಟಿಯಲ್ಲಿ ಹಾಲು ಅಳೆಯುವ ದೇಜಪ್ಪ ನನ್ನ ಕ್ಯಾನು ಎತ್ತಿ ನೋಡಿ, "ಇದೆಂತ ಟೈಂಕೀಪರ್ರೇ, ಬೊಳ್ಳಿ ಗಾಡಿ ಖಾಲಿ ಬಂತಾ?" ಎಂದ. ಸಾಲಿನಲ್ಲಿದ್ದವರು ನಕ್ಕರು. ಅವರೆಲ್ಲ ಹೋದ ಮೇಲೆ ದನಿ ತಗ್ಗಿಸಿ ಕೇಳಿದ: "ವಾರಿಜಕ್ಕನ ಕೈ ಹೇಗುಂಟು?"

"ನಿನಗೆ ಹೇಗೆ ಗೊತ್ತು?"

"ನೀವು ಪೇಟೆಗೆ ಹೋದ ದಿನ ಅವರೇ ಬರ್ತಿದ್ರಲ್ಲ. ಕ್ಯಾನಿನ ಮುಚ್ಚಳ ತೆಗೀಲಿಕ್ಕೆ ಆಗ್ತಿರಲಿಲ್ಲ. ನಾನೇ ತೆಗೆದುಕೊಡ್ತಿದ್ದೆ. ಒಂದು ವರ್ಷ ಆಯ್ತು ಮಾರಾಯ್ರೇ. ನಿಮಗೆ ಗೊತ್ತಿರಬಹುದು ಅಂತ ನಾನು ಹೇಳ್ಲಿಲ್ಲ."

ಮೆಟ್ಟಿಲು ಹತ್ತಿ ಮನೆಗೆ ಬರುವಾಗ ಎಷ್ಟು ಹೊತ್ತು ಹಿಡಿಯಿತು ಎಂದು ನಾನು ನೋಡಲಿಲ್ಲ.

ಹೀಗೆ ಐದು ದಿನ. ಆರನೆಯ ಬೆಳಿಗ್ಗೆ ವಾರಿಜ ಬೊಳ್ಳಿಯ ಕೆಚ್ಚಲಿಗೆ ಕೆನ್ನೆ ಒತ್ತಿದವಳು ಬೇಗ ತೆಗೆಯಲಿಲ್ಲ. "ಹಿಂದಿನ ಎಡದ್ದು ಬಿಸಿ ಉಂಟು," ಎಂದಳು. ಉಳಿದ ಹಾಲು ಒಳಗೆ ಕಟ್ಟಿಕೊಂಡು ಬಾವು ಸುರುವಾಗಿತ್ತು. ಅವಳು ಮಣೆ ಎಳೆದುಕೊಂಡು ಕೂತು, ಎಡಗೈಯೊಂದರಲ್ಲೇ ಆ ಮೊಲೆಯನ್ನು ಖಾಲಿ ಮಾಡತೊಡಗಿದಳು. ನಡುನಡುವೆ ಬಲಗೈ ತಾನಾಗಿ ಮುಂದೆ ಬರುತ್ತಿತ್ತು, ಜಾರುತ್ತಿತ್ತು. ಮುಗಿಸಿ ಎದ್ದವಳು, "ಡಾಕ್ಟ್ರಿಗೆ ಫೋನು ಮಾಡಿ. ಸೋಮವಾರ ಬರುವುದಿಲ್ಲ ಅಂತ ಹೇಳಿ," ಎಂದಳು.

"ವಾರಿಜ, ಇನ್ನು ತಡಮಾಡಿದ್ರೆ..."

"ನಾನೂ ಕೇಳಿದ್ದೇನೆ ಅವರು ಹೇಳಿದ್ದು. ನನಗೆ ಕಿವಿ ಸರಿ ಉಂಟು."

ಆ ದಿನ ಮಧ್ಯಾಹ್ನ, ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದ ಶೈಲ ನನಗೆ ಊಟ ಬಡಿಸುತ್ತ, "ಅಪ್ಪ, ನೀವು ಯಾಕೆ ಅಷ್ಟು ತಡವಾಗಿ ಏಳುವುದು?" ಎಂದಳು. ನನ್ನ ಜೀವಮಾನದಲ್ಲಿ ಯಾರೂ ನನಗೆ ಕೇಳದ ಪ್ರಶ್ನೆ.

"ತಡವಾ? ಹಲಗೆಯಲ್ಲಿ ನಾಲ್ಕೂ ಐವತ್ತು ಅಂತ ಉಂಟು."

"ಹಲಗೆಯಲ್ಲಿ ಉಂಟು. ಅಮ್ಮ ಏಳ್ತಿದ್ದದ್ದು ನಾಲ್ಕೂವರೆಗೆ. ನೀವು ಆ ಹತ್ತು ನಿಮಿಷ ತೆಗೆದಿರಲ್ಲ, ಅದರ ಮರುದಿವಸದಿಂದ. ನಾನು ಅಡುಗೆಮನೆಯ ಪಕ್ಕ ಮಲಗುವುದಲ್ವಾ, ಬಾಗಿಲ ಶಬ್ದ ಕೇಳ್ತಿತ್ತು."

ನಾನು ತೆಗೆದೆ ಎಂದುಕೊಂಡಿದ್ದ ಹತ್ತು ನಿಮಿಷವನ್ನು ಅವಳು ಇಮ್ಮಡಿ ಮಾಡಿ ತನ್ನ ನಿದ್ದೆಯಿಂದ ಕಡಿದು ಹಸುವಿಗೆ ಕೊಟ್ಟಿದ್ದಳು. ನಾನು ಹಟ್ಟಿಗೆ ಬರುವಾಗ ಸೆಗಣಿ, ತಿಳಿ, ಹಿಂಡಿ ಎಲ್ಲ ಮುಗಿದು ಬೊಳ್ಳಿ ಸಿದ್ಧವಾಗಿರುತ್ತಿತ್ತು. ಹಾಲು ಸರಿಯಾದ ಹೊತ್ತಿಗೆ ಸೊಸೈಟಿಗೆ ಹೋಗುತ್ತಿತ್ತು. ನಾನು ಅದನ್ನು ನನ್ನ ಕೋಷ್ಟಕದ ಗೆಲುವೆಂದು ತಿಳಿದು ಒಂದು ಸಲ ದೇಜಪ್ಪನ ಹತ್ತಿರ ಭಾಷಣವನ್ನೂ ಮಾಡಿದ್ದೆ.

ಊಟ ಬಿಟ್ಟು ಎದ್ದು ಹೋದೆ. ವಾರಿಜ ಹಿಂದಿನ ಜಗಲಿಯಲ್ಲಿ ಬೊಳ್ಳಿಯ ಬಾವು ಬಂದ ಕೆಚ್ಚಲಿಗೆ ಹಚ್ಚಲು ಅರಸಿನ ಕಲಸುತ್ತಿದ್ದಳು. "ಆ ಹತ್ತು ನಿಮಿಷ ಕೂತು ಎಂತ ಮಾಡ್ತಿದ್ದೆ? ಸರಿಯಾಗಿ ಹೇಳು," ಎಂದೆ.

"ಹೇಳಿದ್ದೇನಲ್ಲ, ಕೂರುವುದು. ತಿಳಿ ಕುಡಿದಾದ ಮೇಲೆ ಅದರ ಹತ್ತಿರ ಕೂರಬೇಕು. ಅದು ನಿಂತಲ್ಲೇ ಮೆಲುಕು ಹಾಕಲಿಕ್ಕೆ ಸುರುಮಾಡ್ತದೆ. ಆಮೇಲೆ ಕೈ ಹಾಕಿದ್ರೆ ಹಾಲು ಇಳಿಸ್ತದೆ. ಅದರ ಮೊದಲು ಮುಟ್ಟಿದ್ರೆ ಏರಿಸಿಕೊಳ್ತದೆ."

"ಇಷ್ಟೇ ಆದ್ರೆ ಅವತ್ತೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ಬರೀತಿದ್ರಿ. ಬರೆದ ಮೇಲೆ ಅದು ಹತ್ತೇ ನಿಮಿಷ ಆಗ್ತಿತ್ತು. ಬೊಳ್ಳಿಗೆ ಕೆಲವು ದಿನ ಹದಿನೈದು ಬೇಕು."

ಡಾಕ್ಟರಿಗೆ ಫೋನು ಮಾಡಲಿಲ್ಲ. ಮರುದಿನ ನಾಲ್ಕೂವರೆಗೆ ಎದ್ದೆ. ಸೆಗಣಿ ತೆಗೆದು, ತಿಳಿ ಕೊಟ್ಟು, ಮಣೆ ಹಾಕಿ ಬೊಳ್ಳಿಯ ಪಕ್ಕ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಕೂತವರಿಗೇ ಗೊತ್ತು. ಕೈ ಏನನ್ನಾದರೂ ಹುಡುಕುತ್ತದೆ. ಒಮ್ಮೆ ಪೊರಕೆ ಸರಿಮಾಡಿದೆ, ಬೊಳ್ಳಿ ಕಿವಿ ನಿಮಿರಿಸಿತು. ಒಮ್ಮೆ ಕೆಮ್ಮಿದೆ, ಬಾಲ ಬೀಸಿ ನನ್ನ ಕನ್ನಡಕ ಬೀಳಿಸಿತು. ಆಮೇಲೆ ಕೈ ಕಟ್ಟಿ ಕೂತೆ. ಹಸುವಿನ ಹೊಟ್ಟೆಯೊಳಗೆ ಏನೋ ಉರುಳಿದ ಸದ್ದು. ಘಾಟಿಯ ಕಡೆಯಿಂದ ಒಂದು ಲಾರಿ ಇಳಿಯುವ ಸದ್ದು. ಎಷ್ಟು ಹೊತ್ತಾಯಿತೋ, ಬೊಳ್ಳಿಯ ದವಡೆ ಒಂದು ಬದಿಗೆ ಸರಿಯಿತು, ಮತ್ತೆ ಇನ್ನೊಂದು ಬದಿಗೆ. ಅದು ಮೆಲುಕು ಹಾಕತೊಡಗಿತು. ವಾರಿಜ ಹೇಳುತ್ತಿದ್ದ ಹಾಗೆ ನಾನೂ ಮೆಲ್ಲಗೆ, "ಬುಡ್ಲ ಬಾಲೆ, ಬುಡ್ಲ" ಎಂದೆ. ಬಿಡು ಮಗೂ, ಬಿಡು ಎಂದು. ಎಪ್ಪತ್ತರ ಗಂಡಸು ಹಸುವನ್ನು ಮಗು ಎಂದದ್ದನ್ನು ಕೇಳಲು ಅಲ್ಲಿ ಕಂಡಕ್ಟರುಗಳು ಯಾರೂ ಇರಲಿಲ್ಲ, ಸದ್ಯ. ಮೊಲೆಗಳು ನನ್ನ ಕೈಯೊಳಗೆ ತುಂಬಿಕೊಂಡು ಬಂದವು.

ವಾರಿಜ ಪರೀಕ್ಷೆಗೆ ಬಂದಳು. ಮೊದಲನೆಯದ್ದು, ಎರಡನೆಯದ್ದು, ಮೂರನೆಯದ್ದು ಖಾಲಿ. ಬಿಸಿ ಇದ್ದ ಹಿಂದಿನ ಎಡದ್ದರಲ್ಲಿ ನಾಲ್ಕು ಹನಿ ಬಂತು. "ನಾಲ್ಕು ಹನಿ ಬೊಳ್ಳಿಯದ್ದು, ನಿಮ್ಮ ತಪ್ಪಲ್ಲ," ಎಂದಳು. ಎರಡನೆಯ ದಿನವೂ ಖಾಲಿ ಮಾಡಿದೆ. ಮೂರನೆಯ ದಿನ ಬಾವು ಇಳಿದಿತ್ತು. ಅವಳು ಒಳಗೆ ಹೋಗಿ, ಮೂಡುಬಿದಿರೆಗೆ ಕೊಂಡುಹೋಗಲು ಎರಡು ಸೀರೆ ಮಡಚಿ ಚೀಲದಲ್ಲಿ ಇಟ್ಟಳು. ಎಡಗೈಯಲ್ಲಿ ಮಡಚಿದ ಕಾರಣ ಅವು ಓರೆಯಾಗಿದ್ದವು. ನಾನು ಸರಿಮಾಡಲು ಹೋಗಲಿಲ್ಲ.

ಸೋಮವಾರ ಆಪರೇಷನ್ ಆಯಿತು. ಆರು ವಾರ ಅವಳು ಹಟ್ಟಿಯ ಹೊರಗೆ ಕುರ್ಚಿ ಹಾಕಿ ಕೂತು ಒಳಗಿನ ಸದ್ದು ಕೇಳಿದಳು. ಬಾಲ್ದಿಗೆ ಹಾಲು ಬೀಳುವ ಸದ್ದಿನಿಂದಲೇ ಅವಳಿಗೆ ತಿಳಿಯುತ್ತಿತ್ತು. "ಈಗ ಎಳೆದ್ರಿ," ಎಂದು ಹೊರಗಿನಿಂದ ಕೂಗುತ್ತಿದ್ದಳು. ನಾನು ಎಳೆದಿರುತ್ತಿದ್ದೆ.

ಕೊನೆಗೆ ಕಟ್ಟು ಬಿಚ್ಚಿದ ಡಾಕ್ಟರು ಅವಳ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಹೇಳಿದರು. ಅರ್ಧ ದಾರಿಗೆ ಬಂದು ನಿಂತಿತು. ಬುಡದ ತಗ್ಗು ಹಾಗೆಯೇ ಇತ್ತು. ಇನ್ನು ಇದರಲ್ಲಿ ಹೆಚ್ಚಿನದನ್ನು ನಿರೀಕ್ಷಿಸಬೇಡಿ ಎಂದರು. ಎರಡು ವರ್ಷ ಮೊದಲು ಬಂದಿದ್ದರೆ ಎಂದು ಅವರು ಈ ಸಲ ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಸ್ಪರ್ಶದ ಬಗ್ಗೆ ಕೇಳಿದಾಗ ವಾರಿಜ, "ಮನೆಗೆ ಹೋಗಿ ನೋಡಿ ಹೇಳ್ತೇನೆ," ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಮರುದಿನ ಬೆಳಿಗ್ಗೆ ನಾನು ಎಬ್ಬಿಸಲಿಲ್ಲ, ಅವಳೇ ಬಂದಳು. ಬೊಳ್ಳಿ ಅವಳನ್ನು ನೋಡಿ ಒಮ್ಮೆ ಮೂಗಿನಲ್ಲಿ ಉಸಿರು ಬಿಟ್ಟಿತು. ನಾನು ಮಣೆಯಿಂದ ಎದ್ದೆ. ಅವಳು ಕೂತು, ಸೆರಗಿನಿಂದ ಬಲಗೈ ಒರೆಸಿ, ಕೆಚ್ಚಲಿನ ಕೆಳಗೆ ಅಂಗೈ ಚಾಚಿದಳು. ಕೆನ್ನೆ ಮುಂದೆ ತರಲಿಲ್ಲ. ಬೆರಳುಗಳು ಒಂದು ಮೊಲೆಯ ಬುಡದಿಂದ ಇನ್ನೊಂದರ ಬುಡಕ್ಕೆ ಬಹಳ ನಿಧಾನವಾಗಿ ಹೋದವು. ನಾನು ಬಾಲ್ದಿ ಹಿಡಿದು ನಿಂತಿದ್ದೆ.

"ಬಿಸಿ ಉಂಟಾ?" ಎಂದು ಕೇಳಿದೆ.

ಹಿಂದಿನ ಎಡದ್ದರ ಬಳಿ ಅವಳ ಬೆರಳುಗಳು ನಿಂತವು.

"ಬಿಸಿ ಅಲ್ಲ," ಎಂದಳು. "ಬೆಚ್ಚಗೆ ಉಂಟು."

ಆಮೇಲೆ ಮೊಲೆಯನ್ನು ಮುಷ್ಟಿಯೊಳಗೆ ಹಿಡಿದು ನೋಡಿದಳು. ಮೇಲಿನ ಬೆರಳು ಮುಚ್ಚಿತು, ಹೆಬ್ಬೆರಳು ಮುಚ್ಚಲಿಲ್ಲ. ಇನ್ನೊಮ್ಮೆ ನೋಡಿದಳು. ಮೂರನೆಯ ಸಲ ನೋಡಲಿಲ್ಲ. ಮಣೆಯಿಂದ ಎದ್ದು ಬೊಳ್ಳಿಯ ಬೆನ್ನಿನ ಆ ಬದಿಗೆ ಹೋಗಿ, ಕೆಚ್ಚಲಿನ ಮೇಲೆ ಅಂಗೈಯನ್ನು ಹಾಗೆಯೇ ಇಟ್ಟುಕೊಂಡು ನಿಂತಳು.

"ಕೂತುಕೊಳ್ಳಿ," ಎಂದಳು. "ಇನ್ನೂ ಮೆಲುಕು ಸುರುಮಾಡಲಿಲ್ಲ."